ಸಾಮಿಲ್ ಇದ್ದ ಊರಿನ ಚರಿತ್ರೆಯನ್ನು ಬರೆಯುವ ಬಗೆ

ಮಲೆನಾಡಿನಲ್ಲೂ ಉತ್ತರ ಕನ್ನಡದ ಘಟ್ಟದಂಚಿನಲ್ಲೂ ಒಂದು ಸಾಮಿಲ್ಲಿನ ಸುತ್ತ ಕೇರಿಯಾಗಿ ಬೆಳೆದು, ಮಿಲ್ಲು ನಿಂತ ಮೇಲೆ ಚದುರಿಹೋದ ಊರುಗಳಿವೆ. ಅಂಥ ಊರಿನ ಚರಿತ್ರೆಯನ್ನು ಬರೆಯಲು ಕೂರುವವರು ಸಾಮಾನ್ಯವಾಗಿ ಮಾಲೀಕರ ವಂಶಾವಳಿಯಿಂದ ತೊಡಗುತ್ತಾರೆ. ಅದು ಸುಲಭವಾಗಿ ಸಿಗುತ್ತದೆ ಎಂಬುದನ್ನು ಬಿಟ್ಟರೆ ಹಾಗೆ ತೊಡಗುವುದಕ್ಕೆ ಬೇರೆ ಕಾರಣವಿಲ್ಲ. ದಿಮ್ಮಿ ಬಂದ ದಾರಿಯನ್ನು ಹಿಡಿದು ಹೊರಡುವುದು ಉತ್ತಮ. ಯಾವ ಕಾಡಿನ ಮರ, ಯಾವ ಡಿಪೋದ (ದಿಮ್ಮಿಗಳನ್ನು ರಾಶಿ ಹಾಕಿಡುವ ಜಾಗದ) ಹರಾಜು, ಎತ್ತಿನ ಗಾಡಿಯೋ ಲಾರಿಯೋ ಅಥವಾ ಅಳ್ನಾವರ–ದಾಂಡೇಲಿ ಮಾರ್ಗದಂತಹ ರೈಲೋ ಎಂಬುದು ತಿಳಿದರೆ, ಕೆಲಸಗಾರರು ಯಾವಾಗ ಬಂದರು, ಯಾವಾಗ ಗುಳೆ ಹೋದರು ಎಂಬುದೂ ಹೆಚ್ಚುಕಡಿಮೆ ತಿಳಿಯುತ್ತದೆ.

ದಾಖಲೆ ಹುಡುಕುವ ಮೊದಲು ಆ ಊರು ಯಾವ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು ಎಂದು ಗುರುತಿಸಿಕೊಳ್ಳಿ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದುದರಿಂದ ಅದರ ಹಳೆಯ ಅರಣ್ಯ ಪತ್ರವ್ಯವಹಾರವನ್ನು ಚೆನ್ನೈ, ಮುಂಬಯಿ, ಬೆಂಗಳೂರು ಮೂರೂ ಕಡೆಯ ಪತ್ರಾಗಾರಗಳಲ್ಲಿ ಹುಡುಕಬೇಕಾಗುತ್ತದೆ. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನ ಭಾಗವಾಗಿತ್ತು, ಶಿವಮೊಗ್ಗ ಮೈಸೂರು ಸಂಸ್ಥಾನದ್ದು. ಹಾಗಾಗಿ ಘಟ್ಟದ ಆಚೆ ಈಚೆ ಹತ್ತಿಪ್ಪತ್ತು ಮೈಲಿ ಅಂತರದ ಎರಡು ಊರುಗಳ ಕಡತಗಳು ಬೇರೆ ಬೇರೆ ರಾಜ್ಯಗಳ ರಾಜಧಾನಿಗಳಲ್ಲಿರುವುದು ಸಾಧ್ಯ. ಇದನ್ನು ಗಮನಿಸದೆ ಬೆಂಗಳೂರಿನಲ್ಲಷ್ಟೇ ಹುಡುಕಿ 'ದಾಖಲೆಯೇ ಇಲ್ಲ' ಎಂದು ಬರೆಯುವುದು ಸರಿಯಲ್ಲ.

ಮಿಲ್ಲಿನ ಹಳೆಯ ದಿಮ್ಮಿ ರಿಜಿಸ್ಟರ್ ಸಿಕ್ಕಿದರೆ ಅದನ್ನು ಓದುವ ಕ್ರಮವನ್ನು ತಿಳಿದಿರಬೇಕು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ಹಳೆಯ ಲೆಕ್ಕ. 48 ಅಂಗುಲ ಸುತ್ತಳತೆಯ, 12 ಅಡಿ ಉದ್ದದ ದಿಮ್ಮಿಗೆ 12 ಅಂಗುಲವನ್ನು 12ರಿಂದ ಗುಣಿಸಿದಾಗ 144 ಚದರ ಅಂಗುಲ, ಅಂದರೆ ಒಂದು ಚದರ ಅಡಿ ಬರುತ್ತದೆ. ಅದನ್ನು 12 ಅಡಿ ಉದ್ದದಿಂದ ಗುಣಿಸಿ 12 ಘನ ಅಡಿ ಎಂದು ಬರೆಯುತ್ತಿದ್ದರು. ಆ ದಿಮ್ಮಿ ಪೂರ್ತಿ ದುಂಡಗಿದ್ದರೆ ಅದರ ನಿಜವಾದ ಗಾತ್ರ 15 ಘನ ಅಡಿಗಿಂತ ತುಸು ಹೆಚ್ಚು. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮರ ಲೆಕ್ಕದಿಂದ ಹೊರಗೇ ಉಳಿಯುತ್ತಿತ್ತು, ಮತ್ತು ಇದು ಕಳ್ಳತನವಲ್ಲ, ಕೊಯ್ಯುವಾಗ ಬದಿಯಲ್ಲಿ ಹೋಗುವ ಮರಕ್ಕೆ ಬಿಟ್ಟ ರಿಯಾಯಿತಿ. ಮುಂದಿನ ವರ್ಷಗಳ ಘನ ಮೀಟರ್ ಅಂಕಿಗಳೊಡನೆ ಹೋಲಿಸುವಾಗ ಒಂದು ಘನ ಮೀಟರಿಗೆ 35.3 ಘನ ಅಡಿ ಎಂದು ಪರಿವರ್ತಿಸಿದರೆ ಸಾಲದು. ಎರಡೂ ಕಾಲದ ಅಳತೆಯ ಸೂತ್ರ ಒಂದೇ ಆಗಿತ್ತೇ ಎಂಬುದನ್ನೂ ನೋಡಬೇಕು.

ಜನರ ಬಗ್ಗೆ ತಿಳಿಯಲು ಶಾಲೆಯ ದಾಖಲಾತಿ ಪುಸ್ತಕದಷ್ಟು ಉಪಯುಕ್ತವಾದುದು ಬೇರೊಂದಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ತಂದೆಯ ಕಸುಬು, ಹುಟ್ಟಿದ ಊರು, ಶಾಲೆ ಬಿಟ್ಟ ವರ್ಷ ಇವುಗಳನ್ನು ಮಾತ್ರ ಹೆಸರುಗಳಿಲ್ಲದೆ ನಕಲು ಮಾಡಿಕೊಳ್ಳಿ. ಒಂದೇ ವರ್ಷ ಹಲವು ಮಕ್ಕಳು ವರ್ಗಾವಣೆ ಪತ್ರ ಪಡೆದಿದ್ದರೆ ಮಿಲ್ಲಿನಲ್ಲಿ ಆ ವರ್ಷ ಏನೋ ನಡೆದಿರಬಹುದೆಂದು ವಿಚಾರಿಸಿ.

ಹಿರಿಯರನ್ನು ಮಾತನಾಡಿಸುವಾಗ 'ಮಿಲ್ಲಿನ ಕಥೆ ಹೇಳಿ' ಎಂದರೆ ಮಾತು ಬೇಗ ಮುಗಿಯುತ್ತದೆ. ಬ್ಯಾಂಡ್ ಸಾ, ಅಂದರೆ ಯಂತ್ರದಿಂದ ಸುತ್ತುವ ಪಟ್ಟಿ ಗರಗಸ, ಬರುವ ಮೊದಲು ಗುಂಡಿಯ ಮೇಲೊಬ್ಬರು ಕೆಳಗೊಬ್ಬರು ನಿಂತು ಗರಗಸ ಎಳೆದವರು ಯಾರು, ಬ್ಲೇಡಿನ ಹಲ್ಲುಗಳಿಗೆ ಅರ ಹಾಕುತ್ತಿದ್ದವರಿಗೆ ಎಷ್ಟು ಹೆಚ್ಚು ಕೂಲಿ ಸಿಗುತ್ತಿತ್ತು ಎಂದು ಕೇಳಬೇಕು. ಹೆಂಗಸರನ್ನು ಹೊಟ್ಟಿನ ಒಲೆಯ ಬಗ್ಗೆ ಕೇಳಿ: ತಗಡಿನ ಡಬ್ಬಿಯ ನಡುವೆ ಬಾಟಲಿಯನ್ನು ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಟ್ಟಿಯಾಗಿ ಒತ್ತಿ ತುಂಬಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಹೊರತೆಗೆದರೆ ಉಳಿಯುವ ತೂತಿನಲ್ಲಿ ಬೆಂಕಿ ಗಂಟೆಗಟ್ಟಲೆ ಉರಿಯುತ್ತಿತ್ತು. ಆ ಹೊಟ್ಟು ಬಿಟ್ಟಿಯಾಗಿ ಸಿಗುತ್ತಿತ್ತೇ, ದುಡ್ಡಿಗೆ ಮಾರುತ್ತಿದ್ದರೇ, ಯಾರ ಮನೆಗೆ ಮೊದಲು ಹೋಗುತ್ತಿತ್ತು ಎಂಬುದರಿಂದ ಕೇರಿಯ ಒಳಗಿನ ಮೇಲುಕೀಳು ಹೊರಬೀಳುತ್ತದೆ. ಬೆರಳು ಕಳೆದುಕೊಂಡವರನ್ನು ಅವಸರದಲ್ಲಿ ಕೇಳಬಾರದು. ಅವರೇ ಮಾತೆತ್ತಿದರೆ, 1923ರ ಕಾರ್ಮಿಕರ ಪರಿಹಾರ ಕಾಯಿದೆಯಡಿ ಏನಾದರೂ ಸಿಕ್ಕಿತೇ ಎಂದು ವಿಚಾರಿಸಿ.

ಮಿಲ್ಲು ಮುಚ್ಚಿದ ಕಾರಣದ ಬಗ್ಗೆ ವಿಶೇಷ ಎಚ್ಚರ ಬೇಕು. 'ಸುಪ್ರೀಂ ಕೋರ್ಟ್ ಮುಚ್ಚಿಸಿತು' ಎಂಬ ಮಾತು ಇಂಥ ಊರುಗಳಲ್ಲಿ ಕೇಳಿಬರುವಂಥದ್ದು. ಅರಣ್ಯ ರಕ್ಷಣೆಯ ಕುರಿತಾದ ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಹೊರಬಂದ ಆ ಕೋರ್ಟಿನ ಆದೇಶವು, ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯದಲ್ಲಿ ನಡೆಯುತ್ತಿದ್ದ ಅರಣ್ಯೇತರ ಚಟುವಟಿಕೆಗಳನ್ನು, ಸಾಮಿಲ್ ಮತ್ತು ಪ್ಲೈವುಡ್ ಘಟಕಗಳನ್ನೂ ಸೇರಿಸಿ, ಕೂಡಲೇ ನಿಲ್ಲಿಸಲು ಹೇಳಿತು ಎಂಬುದು ನಿಜ. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಮತ್ತು 1988ರ ರಾಷ್ಟ್ರೀಯ ಅರಣ್ಯ ನೀತಿಯ ಕಾಲದಲ್ಲೇ ದಿಮ್ಮಿ ಸಿಗದೆ ನಿಂತ ಮಿಲ್ಲುಗಳನ್ನೂ ನೆನಪು 1996ರ ಲೆಕ್ಕಕ್ಕೆ ಸೇರಿಸಿಬಿಡಬಹುದು. ಅರಣ್ಯ ವಿಭಾಗದ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟು, ಪರವಾನಗಿ ಕೊನೆಯ ಸಲ ನವೀಕರಣವಾದ ದಿನಾಂಕವನ್ನು ಕೇಳಿ; ವಿದ್ಯುತ್ ಸಂಪರ್ಕ ಕಡಿತವಾದ ವರ್ಷದೊಡನೆ ಅದನ್ನು ಹೊಂದಿಸಿ ನೋಡಿ. ಕಡತವೂ ಊರವರ ನೆನಪೂ ಹೊಂದದಿದ್ದರೆ ಒಂದನ್ನು ಅಳಿಸಬೇಡಿ. ಕಡತ ಹೇಳುವ ವರ್ಷವನ್ನೂ ಊರವರು ಹೇಳುವ ವರ್ಷವನ್ನೂ ಪಕ್ಕಪಕ್ಕದಲ್ಲೇ ಮುದ್ರಿಸಿ.