ಹರ್ಬಿ ಹ್ಯಾನ್‌ಕಾಕ್ ಅವರನ್ನು ಕೇಳಲು ಎಲ್ಲಿಂದ ಆರಂಭಿಸಬೇಕು?

ಅರವತ್ತು ವರ್ಷಕ್ಕೂ ಮೀರಿದ ವಾದನವನ್ನು ಮೊದಲ ಆಲ್ಬಮ್‌ನಿಂದ ಸಾಲಾಗಿ ಕೇಳಲು ಹೊರಟವರು ಬಹುತೇಕ ನಡುದಾರಿಯಲ್ಲೇ ಕೈಬಿಡುತ್ತಾರೆ. ಚಿಕಾಗೋದಲ್ಲಿ 1940ರಲ್ಲಿ ಹುಟ್ಟಿದ ಜಾಝ್ ಪಿಯಾನೊ, ಕೀಬೋರ್ಡ್ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ಮಟ್ಟಿಗೆ ಇದಕ್ಕಿಂತ ಸುಲಭವಾದ ದಾರಿಯೊಂದಿದೆ. ‘ವಾಟರ್‌ಮೆಲನ್ ಮ್ಯಾನ್’ ಎಂಬ ತಮ್ಮ ರಚನೆಯನ್ನು ಅವರು 1962ರಲ್ಲಿ ಒಮ್ಮೆ, 1973ರಲ್ಲಿ ಮತ್ತೊಮ್ಮೆ ಧ್ವನಿಮುದ್ರಿಸಿದ್ದಾರೆ. ಎರಡನ್ನೂ ಒಂದೇ ಸಂಜೆ ಒಂದರ ಹಿಂದೊಂದು ಕೇಳಿ.

ಮೊದಲನೆಯದು ‘ಟೇಕಿನ್ ಆಫ್’ ಆಲ್ಬಮ್‌ನಲ್ಲಿದೆ. ಬಾಲ್ಯದ ಗಲ್ಲಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿ ಕಲ್ಲುಹಾಸಿನ ಮೇಲೆ ಉರುಳುತ್ತಿದ್ದ ಸದ್ದನ್ನು ನೆನೆದು ಹುಟ್ಟಿದ ರಚನೆಯಿದು. ಡೆಕ್ಸ್ಟರ್ ಗಾರ್ಡನ್ ಅವರ ಸ್ಯಾಕ್ಸೋಫೋನ್ ಮತ್ತು ಫ್ರೆಡ್ಡಿ ಹಬರ್ಡ್ ಅವರ ಟ್ರಂಪೆಟ್ ಎಷ್ಟೇ ಸೆಳೆದರೂ ಎರಡನೆಯ ಸಲ ಕೇಳುವಾಗ ಅವನ್ನು ಬದಿಗಿಟ್ಟು, ಕೆಳಗೆ ಬಿಡದೆ ಉರುಳುವ ಪಿಯಾನೊವನ್ನು ಮಾತ್ರ ಹಿಂಬಾಲಿಸಿ. ಬಳಿಕ ‘ಹೆಡ್ ಹಂಟರ್ಸ್’ ಆಲ್ಬಮ್‌ನ ರೂಪಕ್ಕೆ ಬನ್ನಿ. ಇಲ್ಲಿ ಗಾಡಿಯಿಲ್ಲ, ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದುತ್ತಾರೆ, ಮಧ್ಯ ಆಫ್ರಿಕದ ಅರಣ್ಯವಾಸಿಗಳು ಒಂಟಿಸ್ವರದ ಸೀಟಿಯೊಡನೆ ತಮ್ಮ ದನಿಯನ್ನು ಹೆಣೆಯುವ ರೀತಿಯಲ್ಲಿ. ಪರಿಚಿತ ರಾಗ ಬರಲು ಒಂದು ನಿಮಿಷಕ್ಕೂ ಹೆಚ್ಚು ಕಾಯಬೇಕು. ದಯವಿಟ್ಟು ಹಾಡನ್ನು ಮುಂದಕ್ಕೆ ಓಡಿಸಿ ಆ ಕಾಯುವಿಕೆಯನ್ನು ದಾಟಬೇಡಿ.

ಇವೆರಡರ ನಡುವೆ ನಡೆದದ್ದನ್ನು ತಿಳಿಯಲು 1965ರ ‘ಮೇಡನ್ ವಾಯೇಜ್’ ಆಲ್ಬಮ್ ಒಂದೇ ಸಾಕೆಂದು ನನ್ನ ಅಭಿಪ್ರಾಯ. ಆಗ ಅವರು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿದ್ದರು. ಹ್ಯಾನ್‌ಕಾಕ್ ಅವರ ಬೆರಳು ಎಲೆಕ್ಟ್ರಿಕ್ ಪಿಯಾನೊದ ಮೇಲೆ ಕೂತದ್ದೂ ಅದೇ ತಂಡದಲ್ಲಿ. ಗ್ರಿನೆಲ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದವರಿಗೆ ಯಂತ್ರವೆಂದರೆ ಅಳುಕಿರಲಿಲ್ಲವೆಂದೇ ತೋರುತ್ತದೆ.

‘ಹೆಡ್ ಹಂಟರ್ಸ್’ನ ಮೊದಲ ರಚನೆ ‘ಕಮೀಲಿಯನ್’ ಹದಿನೈದು ನಿಮಿಷಕ್ಕೂ ದೊಡ್ಡದು. ಅದನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಮುಖ್ಯವಾದುದೇ ಕೈತಪ್ಪುತ್ತದೆ, ಏಕೆಂದರೆ ಇಡೀ ರಚನೆಯನ್ನು ಹೊತ್ತಿರುವ ತಳಸ್ವರದ ಸಾಲು ಬೇಸ್ ಗಿಟಾರಿನದಲ್ಲ, ಆರ್ಪ್ ಒಡಿಸ್ಸಿ ಎಂಬ ಸಿಂಥಸೈಸರ್‌ನಲ್ಲಿ (ವಿದ್ಯುನ್ಮಾನವಾಗಿ ಸ್ವರ ಹುಟ್ಟಿಸುವ ಕೀಬೋರ್ಡ್) ಹ್ಯಾನ್‌ಕಾಕ್ ಅವರೇ ನುಡಿಸಿದ್ದು. ಹೆಡ್‌ಫೋನ್ ಹಾಕಿಕೊಂಡು, ಸಂಗೀತ ಕಚೇರಿಯಲ್ಲಿ ತಾಳ ಹಾಕುವಂತೆ ತೊಡೆಯ ಮೇಲೆ ಆ ಸಾಲನ್ನೇ ತಟ್ಟುತ್ತಿರಿ. ಡ್ರಮ್, ಕ್ಲಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಬೋರ್ಡ್ ಒಂದೊಂದಾಗಿ ಎಲ್ಲಿ ಬಂದು ಸೇರುತ್ತವೆಂಬುದು ತಾನಾಗಿ ತಿಳಿಯುತ್ತದೆ.

ಮುಂದೆ 1983ರ ‘ರಾಕಿಟ್’ ಕೇಳಿ, ಅದರಲ್ಲಿ ತಿರುಗುವ ರೆಕಾರ್ಡನ್ನೇ ಕೈಯಿಂದ ಉಜ್ಜಿ ವಾದ್ಯವಾಗಿಸಲಾಗಿದೆ. ಗಾಯಕಿ ಜೋನಿ ಮಿಚೆಲ್ ಅವರ ಹಾಡುಗಳನ್ನು ಆಧರಿಸಿದ 2007ರ ‘ರಿವರ್’ ಆಲ್ಬಮ್ ರಾತ್ರಿಗೆ ಹೊಂದುತ್ತದೆ. ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಅದಕ್ಕೆ ಸಂದಿತು.

‘ಸೆಕ್ಸ್‌ಟಂಟ್’ ಆಲ್ಬಮ್ ಅನ್ನು ಮಾತ್ರ ಕೊನೆಗಿಟ್ಟುಕೊಳ್ಳಿ. ಅದೂ 1973ರದ್ದೇ, ‘ಹೆಡ್ ಹಂಟರ್ಸ್’ಗಿಂತ ಕೆಲವೇ ತಿಂಗಳು ಮೊದಲಿನದು. ಆದರೆ ಹಿಡಿದುಕೊಳ್ಳಲು ಸುಲಭವಾದ ರಾಗವಿಲ್ಲದ ಅದನ್ನು ಮೊದಲ ದಿನವೇ ಹಾಕಿಕೊಂಡವರು ಹೆದರಿ ಎದ್ದುಹೋಗಬಹುದು. ‘ಕಮೀಲಿಯನ್’ನ ತಾಳ ಕೈಗೆ ಕೂತ ಮೇಲೆ ಹಾಕಿ.