ಕಂತೆ ಬಿಚ್ಚಿ ಕಳೆಯುವ ಲೆಕ್ಕ

52ರಲ್ಲಿ 27 ಕಳೆದರೆ 35. ಮೂರನೇ ತರಗತಿಯ ಹುಡುಗಿಯೊಬ್ಬಳು ಸ್ಲೇಟಿನಲ್ಲಿ ಹೀಗೆ ಬರೆದುಕೊಂಡು ಬಂದಳು. ತಪ್ಪು ಗುರುತು ಹಾಕಿ, "ಇನ್ನೊಂದ್ ಸಲ ಮಾಡ್ಕೊಂಡ್ ಬಾ" ಅಂತ ಕಳಿಸುವುದು ನನ್ನ ಹಳೆಯ ಅಭ್ಯಾಸ. ಆವತ್ತು ಯಾಕೋ, "ಹೇಗೆ ಮಾಡ್ದೆ ಪುಟ್ಟಿ, ಹೇಳು" ಅಂದೆ.

"ಎರಡರಲ್ಲಿ ಏಳು ಹೋಗಲ್ವಲ್ಲ ಮಿಸ್. ಅದಕ್ಕೆ ಏಳರಲ್ಲಿ ಎರಡು ಕಳೆದೆ, ಐದು ಬಂತು. ಐದರಲ್ಲಿ ಎರಡು ಹೋದ್ರೆ ಮೂರು."

ಆ ಮಗು ಗಮನವಿಲ್ಲದೆ ತಪ್ಪು ಮಾಡಿರಲಿಲ್ಲ. ಅದರ ತಲೆಯಲ್ಲಿ ಒಂದು ನಿಯಮವಿತ್ತು: ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು. ಒಂದನೇ ತರಗತಿಯಲ್ಲಿ ಆ ನಿಯಮ ಹೇಳಿಕೊಟ್ಟವಳು ನಾನೇ. ಸಂಜೆ ಉಳಿದ ಮಕ್ಕಳ ಪುಸ್ತಕಗಳನ್ನು ತಿರುವಿ ಹಾಕಿದೆ. ಅನೇಕರು 40ರಲ್ಲಿ 18 ಕಳೆದು 38 ಬರೆದಿದ್ದರು. ಎಲ್ಲರದೂ ಒಂದೇ ದಾರಿ. ಮಕ್ಕಳು ತಮ್ಮದೇ ತಿಳಿವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎಂಬ ಮನೋವಿಜ್ಞಾನಿ ಪಿಯಾಜೆಯ ಮಾತನ್ನು ಶಿಕ್ಷಕ ತರಬೇತಿಯ ಡಿ.ಇಡಿ. ಓದುವಾಗ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಕಂಡದ್ದು ಆ ಸ್ಲೇಟಿನಲ್ಲಿ.

ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ತೆಂಗಿನ ಸೀಮೆಯಾದ್ದರಿಂದ ಪೊರಕೆ ಕಡ್ಡಿಗೆ ಬರವಿಲ್ಲ. ಕಡ್ಡಿಗಳನ್ನು ಬೆರಳುದ್ದ ಮುರಿದು ರಾಶಿ ಹಾಕಿದೆವು. ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ನಾನೇ ಕಟ್ಟಿಟ್ಟಿದ್ದರೆ ಒಂದು ಗಂಟೆ ಉಳಿಯುತ್ತಿತ್ತು, ಆದರೆ ಕಂತೆಯೊಳಗೆ ಹತ್ತು ಬಿಡಿ ಇವೆ ಎಂದು ಮಗುವಿನ ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಐದು ಕಂತೆ, ಎರಡು ಬಿಡಿ ಕಡ್ಡಿ ಆ ಸ್ಲೇಟಿನ ಹುಡುಗಿಯ ಮುಂದಿಟ್ಟು, "ಇಪ್ಪತ್ತೇಳು ಕೊಡು" ಅಂದೆ. ಮೊದಲು ಎರಡು ಕಂತೆ ಕೊಟ್ಟಳು. ಆಮೇಲೆ ಎರಡು ಬಿಡಿ ಕಡ್ಡಿ. ಇನ್ನೂ ಐದು ಬೇಕು. ಉಳಿದ ಮೂರು ಕಂತೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆ ಅರ್ಧ ನಿಮಿಷ ಬಾಯಿ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ಪಾಠ ಮಾಡುವವರಿಗೆ ಗೊತ್ತು. ಕೊನೆಗೆ, "ಇದನ್ನ ಬಿಚ್ಚಬೋದಾ ಮಿಸ್?" ಅಂತ ಕೇಳಿದಳು. ರಬ್ಬರ್ ಬ್ಯಾಂಡ್ ಬಿಚ್ಚಿ ಐದು ಎಣಿಸಿ ಕೊಟ್ಟಳು. ಅವಳ ಬಳಿ ಉಳಿದದ್ದು ಎರಡು ಕಂತೆ, ಐದು ಕಡ್ಡಿ.

ಆವತ್ತಿನಿಂದ "ಪಕ್ಕದ ಮನೆಯಿಂದ ಸಾಲ ತಗೋ" ಎನ್ನುವುದನ್ನು ಬಿಟ್ಟೆ. ಹಿಂದೊಮ್ಮೆ ಒಬ್ಬ ಹುಡುಗ, "ಸಾಲ ವಾಪಸ್ ಯಾವಾಗ ಕೊಡೋದು ಮಿಸ್?" ಅಂತ ಕೇಳಿದ್ದ. ಅವನ ಪ್ರಶ್ನೆ ಸರಿಯಾಗಿತ್ತು, ನನ್ನ ಮಾತು ತಪ್ಪಾಗಿತ್ತು. ಈಗ ನಮ್ಮ ಕೋಣೆಯಲ್ಲಿ "ಕಂತೆ ಬಿಚ್ಚು" ಎಂಬ ಮಾತೇ ಬಳಕೆಯಲ್ಲಿದೆ.

ಆದರೆ ಅವಸರಪಟ್ಟು ಎಡವಿದೆ. ಎರಡು ದಿನ ಕಡ್ಡಿಯಲ್ಲಿ ಸರಾಗವಾಗಿ ಮಾಡಿದರೆಂದು ಮೂರನೇ ದಿನ ಕಡ್ಡಿಗಳನ್ನು ಡಬ್ಬಕ್ಕೆ ಹಾಕಿ ಹಲಗೆಯ ಮೇಲೆ ಲೆಕ್ಕ ಕೊಟ್ಟೆ. 35 ಮತ್ತೆ ಬಂತು! ಕಡ್ಡಿಯ ಲೆಕ್ಕ ಬೇರೆ, ಅಂಕಿಯ ಲೆಕ್ಕ ಬೇರೆ ಎಂದುಕೊಂಡಿದ್ದರು ಮಕ್ಕಳು. ಕೈಯಿಂದ ಮಾಡುವುದು, ಚಿತ್ರ, ಸಂಕೇತ ಎಂದು ಮನೋವಿಜ್ಞಾನಿ ಬ್ರೂನರ್ 1960ರ ದಶಕದಲ್ಲಿ ಮೂರು ಬಗೆ ಹೇಳಿದ್ದರಲ್ಲ, ನಾನು ನಡುವಿನದನ್ನು ಹಾರಿಸಿಬಿಟ್ಟಿದ್ದೆ. ಮತ್ತೆ ಹಿಂದಕ್ಕೆ ಹೋದೆವು. ಕಡ್ಡಿಯ ಪಕ್ಕದಲ್ಲೇ ಸ್ಲೇಟು. ಒಂದು ಕಂತೆ ಬಿಚ್ಚಿದ ಕ್ಷಣದಲ್ಲೇ 5 ಹೊಡೆದು 4 ಬರೆಯಬೇಕು, ಬಿಡಿ ಸ್ಥಾನದ 2 ಈಗ 12. ಕೈ ಮಾಡಿದ್ದನ್ನೆಲ್ಲ ಬಳಪವೂ ಹೇಳಬೇಕು. ಆಮೇಲೆ ಕಡ್ಡಿ ಬಿಟ್ಟು ಕಂತೆಗೊಂದು ಗೆರೆ, ಬಿಡಿಗೊಂದು ಚುಕ್ಕೆ. ಗೆರೆ ಅಳಿಸಿ ಹತ್ತು ಚುಕ್ಕೆ ಇಡುವುದು. ಇದಕ್ಕೇ ಎರಡು ವಾರ ಹಿಡಿಯಿತು. ಪಾಠ ಹಿಂದೆ ಬಿತ್ತು, ಬೀಳಲಿ ಅಂದುಕೊಂಡೆ.

ಕನ್ನಡದ ಸಂಖ್ಯೆಗಳ ಹೆಸರು ಇಲ್ಲಿ ತುಂಬ ನೆರವಾಗುತ್ತದೆ. ಐವತ್ತೆರಡು ಎಂದಾಗಲೇ ಐವತ್ತೂ ಎರಡೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಉರ್ದು ಮಾತಾಡುವ ಮಗುವಿಗೆ ಅದು 'ಬಾವನ್', ಐದು ಹತ್ತು ಎಲ್ಲಿ ಅಡಗಿವೆ ಎಂದು ತಿಳಿಯುವುದೇ ಇಲ್ಲ. ಅಂಥ ಇಬ್ಬರು ಮಕ್ಕಳು ಹೆಚ್ಚು ದಿನ ಕಡ್ಡಿ ಹಿಡಿದಿದ್ದರು. ನಾನು ಅವಸರ ಮಾಡಲಿಲ್ಲ.

ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಎನ್ನುತ್ತೇವೆ. ಆ ತಟ್ಟೆಗಳ ಬೆಲೆಯೂ ಈ ಲೆಕ್ಕದಲ್ಲೇ ತಿಳಿಯಿತು. ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ಕಟ್ಟಿದ್ದು. ಶಿಕ್ಷಕರ ಸಹಾಯದ ತಟ್ಟೆಯಿಂದ ಸಹಪಾಠಿಯ ಸಹಾಯಕ್ಕೆ, ಅಲ್ಲಿಂದ ಸ್ವಕಲಿಕೆಗೆ ಮಗು ಸರಿಯುತ್ತದೆ. ಇಂದು ಜೊತೆಗಿದ್ದು ಮಾಡಿದ್ದನ್ನು ಮಗು ನಾಳೆ ಒಂಟಿಯಾಗಿ ಮಾಡುತ್ತದೆ ಎಂದ ರಷ್ಯಾದ ಮನೋವಿಜ್ಞಾನಿ ವೈಗೋಟ್ಸ್ಕಿಯ ವಿಚಾರ ಇದೇ ಅಲ್ಲವೇ? 35 ಬರೆದಿದ್ದ ಹುಡುಗಿಯನ್ನು ಸಹಪಾಠಿ ತಟ್ಟೆಯಲ್ಲಿ ಕೂರಿಸಿದೆ. ಪಕ್ಕದವನು ತಪ್ಪಿದಾಗ ಉತ್ತರ ಹೇಳಲಿಲ್ಲ ಅವಳು. "ಬಿಡಿ ಸಾಕಾಗುತ್ತಾ ನೋಡು" ಅಂದಳು. ನಾನು ಯಾರಿಗೂ ಕಲಿಸಿರದ ಪ್ರಶ್ನೆ ಅದು. ಈಗ ನಾನೂ ಅದನ್ನೇ ಕೇಳುತ್ತೇನೆ.

ಈ ವಾರ ಹತ್ತು ಕಂತೆಗಳನ್ನು ಸೇರಿಸಿ ಹುರಿಯಿಂದ ನೂರರ ಕಟ್ಟು ಕಟ್ಟುತ್ತಿದ್ದೇವೆ. 300ರಲ್ಲಿ 126 ಕಳೆಯಬೇಕು. ಬಿಡಿಯೂ ಇಲ್ಲ, ಕಂತೆಯೂ ಇಲ್ಲ. ಯಾವುದನ್ನು ಮೊದಲು ಬಿಚ್ಚಬೇಕೆಂದು ನಾನು ಹೇಳಿಲ್ಲ.