ಎಂಡಿಸಿಕೆ ಪದರದ ಮೇಲೆ ಫ್ಲೂ ವೈರಸ್: ದಾವಣಗೆರೆಯ ಲ್ಯಾಬಿನಲ್ಲಿ ನಾವು ಮಾಡುವ ಕ್ರಮ

ಸ್ವಾಬ್ ಪಿಸಿಆರ್‌ನಲ್ಲಿ ಪಾಸಿಟಿವ್, ಆದರೆ ಪ್ಲೇಟಿನಲ್ಲಿ ಬೆಳೆಸಿದ ಸೆಲ್‌ಗಳ (ಜೀವಕೋಶಗಳ) ಮೇಲೆ ವೈರಸ್ ಏಳುತ್ತಿಲ್ಲ. ಆಗ ಎಲ್ಲರೂ ಮೊದಲು ದೂರುವುದು ಸ್ವಾಬನ್ನು. ನಾವು ಮೊದಲು ನೋಡುವುದು ಸೆಲ್‌ಗಳನ್ನು, ಆಮೇಲೆ ಸೆಲ್ ಬೆಳೆಸಲು ಹಾಕುವ ಸೀರಮ್ಮನ್ನು (ರಕ್ತದ ತಿಳಿದ್ರವ), ಕೊನೆಗೆ ಪ್ರೋಟೀನ್ ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು. ಈ ಮೂರೂ ಸರಿಯಿದ್ದ ಮೇಲೆ ಸ್ವಾಬಿನ ಮಾತು.

ಫ್ಲೂಗೆ ನಾವು ಬಳಸುವುದು ಎಂಡಿಸಿಕೆ. 1958ರಲ್ಲಿ ಕಾಕರ್ ಸ್ಪ್ಯಾನಿಯಲ್ ನಾಯಿಯೊಂದರ ಮೂತ್ರಪಿಂಡದಿಂದ ತೆಗೆದ ಸೆಲ್‌ಗಳ ಸಂತತಿ ಇದು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಂಥ ನಂಬಿಕೆಯ ಕಡೆಯಿಂದಲೇ ತರಿಸಬೇಕು. ಪಕ್ಕದ ಲ್ಯಾಬಿನವರು ಕೊಟ್ಟ ಫ್ಲಾಸ್ಕಿನ ಜೊತೆ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ (ಸೆಲ್ ಬೆಳೆಯುವ ಪೋಷಕ ದ್ರವ) ಕದಡುವುದಿಲ್ಲ, ಬಣ್ಣವೂ ಸುಳಿವು ಕೊಡುವುದಿಲ್ಲ, 0.22 ಮೈಕ್ರಾನ್ ಫಿಲ್ಟರ್ ಕೂಡ ಅದನ್ನು ಪೂರ್ತಿ ತಡೆಯುವುದಿಲ್ಲ. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ ನೋಡಬೇಕು.

ಬೆಳೆಸುವಾಗ ಡಿಎಂಇಎಂ ಎಂಬ ಮೀಡಿಯಾ, ಶೇ 10 ಸೀರಮ್, 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್. ಫ್ಲಾಸ್ಕ್ ಶೇ 80–90 ತುಂಬಿದಾಗಲೇ ಪಾಸೇಜ್ ಮಾಡಬೇಕು, ಅಂದರೆ ಸೆಲ್‌ಗಳನ್ನು ಬಿಡಿಸಿ ಹೊಸ ಪಾತ್ರೆಗೆ ಹಾಕಬೇಕು. ಭತ್ತದ ಸಸಿ ಬಲಿತ ಮೇಲೆ ಕಿತ್ತು ನಾಟಿ ಮಾಡಿದರೆ ಹೇಗೆ ಹಿಡಿಯುವುದಿಲ್ಲವೋ ಇದೂ ಹಾಗೆಯೇ. ಎಂಡಿಸಿಕೆ ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕ್ಯಾಲ್ಶಿಯಂ, ಮೆಗ್ನೀಶಿಯಂ ಇಲ್ಲದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೆದು, ಶೇ 0.25 ಟ್ರಿಪ್ಸಿನ್-ಇಡಿಟಿಎ ಹಾಕಿ, 37 ಡಿಗ್ರಿಯಲ್ಲಿ 10–15 ನಿಮಿಷ ಕಾಯಬೇಕು. ಬೇಗ ಬಿಡಲಿ ಎಂದು ಫ್ಲಾಸ್ಕಿಗೆ ಬಡಿದರೆ ಸೆಲ್‌ಗಳು ಗುಂಪುಗುಂಪಾಗಿ ಏಳುತ್ತವೆ, ಎಣಿಕೆ ಕೆಡುತ್ತದೆ, ಪ್ಲೇಟಿನಲ್ಲಿ ಪದರ ತೇಪೆ ಹಚ್ಚಿದ ಹಾಗೆ ಬರುತ್ತದೆ. 24 ಬಾವಿಯ (ಗುಳಿಯ) ಪ್ಲೇಟಿಗೆ ಬಾವಿಗೆ ಒಂದರಿಂದ ಒಂದೂವರೆ ಲಕ್ಷ ಸೆಲ್ ಹಾಕಿದರೆ ಮಾರನೆಯ ದಿನ ಪದರ ಸಿದ್ಧ.

ಹೊಸಬರು ಎಡವುವ ಒಂದು ಜಾಗವಿದೆ. ತುಂಬಿದ ಎಂಡಿಸಿಕೆ ಪದರ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಅದು ವೈರಸ್ಸಿನ ಹಾನಿಯಲ್ಲ. ಸೆಲ್‌ಗಳು ನೀರನ್ನು ತಮ್ಮ ಅಡಿಗೆ ಪಂಪ್ ಮಾಡುವುದರಿಂದ ಆಗುವ ಉಬ್ಬು, ಆರೋಗ್ಯದ ಗುರುತು. ವೈರಸ್ ಹಿಡಿದಾಗ ಸೆಲ್‌ಗಳು ದುಂಡಗಾಗಿ, ಮಿರುಗುತ್ತಾ, ತಳ ಬಿಟ್ಟು ತೇಲುತ್ತವೆ.

ಇನ್ನು ಮುಖ್ಯ ಮಾತು. ಫ್ಲೂ ವೈರಸ್ಸಿನ ಮೈಮೇಲಿನ ಹಿಮಾಗ್ಲುಟಿನಿನ್ ಪ್ರೋಟೀನ್ ಎರಡು ತುಂಡಾಗದೆ ವೈರಸ್ ಸೆಲ್ ಒಳಗೆ ತೆರೆದುಕೊಳ್ಳಲಾರದು. ನಮ್ಮ ಶ್ವಾಸನಾಳದಲ್ಲಿ ಆ ಕತ್ತರಿ ಕೆಲಸವನ್ನು ಅಲ್ಲಿನ ಕಿಣ್ವಗಳೇ ಮಾಡುತ್ತವೆ. ಎಂಡಿಸಿಕೆಯಲ್ಲಿ ಅದು ಸಾಲದು, ಟ್ರಿಪ್ಸಿನ್ನನ್ನು ನಾವೇ ಹಾಕಬೇಕು. ಸೀರಮ್ಮಿನಲ್ಲಿ ಇದೇ ಟ್ರಿಪ್ಸಿನ್ನನ್ನು ಕಟ್ಟಿಹಾಕುವ ಪದಾರ್ಥಗಳಿವೆ. ಹಾಗಾಗಿ ಸೋಂಕು ಕೊಡುವ ಮೊದಲು ಎರಡು ಸಲ ತೊಳೆಯಲೇಬೇಕು. ಒಂದು ತೊಳೆತ ತಪ್ಪಿಸಿದರೆ, ಉಳಿದ ಸೀರಮ್ ಸದ್ದಿಲ್ಲದೆ ಇಡೀ ವಾರದ ಕೆಲಸ ನುಂಗಿಬಿಡುತ್ತದೆ.

ತೊಳೆದ ಮೇಲೆ ಬಾವಿಗೆ 200 ಮೈಕ್ರೋಲೀಟರ್ ಮಾದರಿ ಹಾಕಿ, 33–35 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇವೆ. ಹದಿನೈದು ನಿಮಿಷಕ್ಕೊಮ್ಮೆ ಪ್ಲೇಟನ್ನು ಮೆಲ್ಲಗೆ ವಾಲಿಸಬೇಕು, ಇಲ್ಲದಿದ್ದರೆ ನಡುಭಾಗ ಒಣಗಿ ಸೆಲ್ ಸಾಯುತ್ತವೆ. ಆಮೇಲೆ ಸೀರಮ್ ಇಲ್ಲದ ಡಿಎಂಇಎಂ, ಶೇ 0.3 ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನ್), ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಟಿಪಿಸಿಕೆ ಟ್ರಿಪ್ಸಿನ್. ಟಿಪಿಸಿಕೆ ಟ್ರಿಪ್ಸಿನ್ ಎಂದರೆ, ಜೊತೆಗೆ ಬೆರೆತಿರುವ ಕೈಮೋಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವದ ಚಟುವಟಿಕೆಯನ್ನು ಟಿಪಿಸಿಕೆ ರಾಸಾಯನಿಕದಿಂದ ಅಡಗಿಸಿದ್ದು. ಪಾಸೇಜಿಗೆ ಬಳಸುವ ಟ್ರಿಪ್ಸಿನ್-ಇಡಿಟಿಎ ಇಲ್ಲಿ ನಡೆಯುವುದಿಲ್ಲ. ಟಿಪಿಸಿಕೆ ಟ್ರಿಪ್ಸಿನ್ನನ್ನು ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಟ್ಟು, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ವೈರಸ್ ಹಾಕದ ಎರಡು ಬಾವಿಗೂ ಇದೇ ಟ್ರಿಪ್ಸಿನ್ ಮೀಡಿಯಾ ಹಾಕಿ. ಪ್ರಮಾಣ ಹೆಚ್ಚಾದರೆ ಆ ಬಾವಿಗಳಲ್ಲೂ ಪದರ ಸುಲಿಯುತ್ತದೆ. ಆ ಎರಡು ಬಾವಿ ಇಲ್ಲದಿದ್ದರೆ ಟ್ರಿಪ್ಸಿನ್ ಸುಲಿದದ್ದನ್ನೇ ವೈರಸ್ ಎಂದು ಬರೆದುಕೊಂಡುಬಿಡುತ್ತೇವೆ.

ಕಣ್ಣಿಗೆ ಏನೂ ಕಾಣದಿದ್ದರೂ ಮೇಲಿನ ದ್ರವವನ್ನು ಕೆಂಪು ರಕ್ತಕಣದ ಜೊತೆ ಪರೀಕ್ಷಿಸಿ, ಫ್ಲೂ ವೈರಸ್ ಇದ್ದರೆ ಆ ಕಣಗಳಿಗೆ ಅಂಟುತ್ತದೆ. ಈಗಿನ ಎಚ್3ಎನ್2 ತಳಿಗಳು ಕೋಳಿಯ ಕಣಗಳಿಗೆ ಸರಿಯಾಗಿ ಅಂಟುವುದಿಲ್ಲ, ಗಿನಿಹಂದಿಯ ಕಣ ಬೇಕು. ಅದಕ್ಕೆ ಯು ಆಕಾರದ ತಳದ ಪ್ಲೇಟು, ಒಂದು ಗಂಟೆ ಕಾಯುವ ತಾಳ್ಮೆ.

ವೈರಸ್ಸಿನ ಎಣಿಕೆಗೆ ಪ್ಲಾಕ್, ಅಂದರೆ ವೈರಸ್ ಸೆಲ್‌ಗಳನ್ನು ಕೊಂದು ಪದರದಲ್ಲಿ ಮಾಡಿದ ತೂತು. ಆರು ಬಾವಿಯ ಪ್ಲೇಟು, ಹತ್ತು ಹತ್ತು ಪಟ್ಟು ತೆಳುಗೊಳಿಸಿದ ವೈರಸ್, ಒಂದು ಗಂಟೆಯ ನಂತರ ಶೇ 2.4 ಅವಿಸೆಲ್ (ಸೆಲ್ಯುಲೋಸ್ ಪುಡಿ) ಮತ್ತು ಎರಡು ಪಟ್ಟು ಗಾಢತೆಯ ಮೀಡಿಯಾ ಸಮಸಮ ಬೆರೆಸಿದ ಹೊದಿಕೆ. ಟ್ರಿಪ್ಸಿನ್ ಇಲ್ಲಿಯೂ ಬೇಕು. ಮೂರು ದಿನ ಆ ಪ್ಲೇಟನ್ನು ಯಾರೂ ಅಲುಗಿಸಬಾರದು. ಅಲುಗಿದರೆ ದುಂಡು ತೂತಿನ ಬದಲು ಬಾಲ ಎಳೆದ ಗೆರೆಗಳು ಬರುತ್ತವೆ. ಫಾರ್ಮಲಿನ್ ಹಾಕಿ, ಕ್ರಿಸ್ಟಲ್ ವಯಲೆಟ್ ಹಚ್ಚಿ ತೊಳೆದರೆ, ಬೆಣ್ಣೆ ದೋಸೆಯ ಮೈಮೇಲಿನ ತೂತುಗಳಂತೆ ನೇರಳೆ ಹಾಸಿನಲ್ಲಿ ಬಿಳಿ ಚುಕ್ಕೆ. ಒಂದು ಲಕ್ಷ ಪಟ್ಟು ತೆಳುಗೊಳಿಸಿದ ಅರ್ಧ ಮಿಲಿಲೀಟರಿನಲ್ಲಿ 32 ಚುಕ್ಕೆ ಸಿಕ್ಕರೆ, ಮೂಲದ್ರವದ ಮಿಲಿಲೀಟರಿನಲ್ಲಿ 64 ಲಕ್ಷ.

ನಮ್ಮೂರಿನ ಹವೆಗೆ ಬೇರೆಯೇ ಎಚ್ಚರ ಬೇಕು. ಬೇಸಿಗೆಯ ಒಣ ಗಾಳಿಗೆ ಇನ್‌ಕ್ಯುಬೇಟರಿನ ನೀರಿನ ತಟ್ಟೆ ಬೇಗ ಖಾಲಿಯಾಗುತ್ತದೆ, ಪ್ಲೇಟಿನ ಅಂಚಿನ ಬಾವಿಗಳು ಮೊದಲು ಸೊರಗುತ್ತವೆ. ಅಂಚಿಗೆ ಮಾದರಿ ಹಾಕದೆ ಪಿಬಿಎಸ್ ತುಂಬಿಸುತ್ತೇವೆ. ತಟ್ಟೆಗೆ ಬೋರ್ ನೀರು ಬೇಡ, ಉಪ್ಪು ಕಟ್ಟುತ್ತದೆ. ಡಿಸ್ಟಿಲ್ಡ್ ನೀರೇ ಆಗಬೇಕು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮೀಡಿಯಾಗೆ ಆಮ್ಲೀಯತೆ ಏರುಪೇರಾಗದಂತೆ ಹಿಡಿಯುವ ಹೆಪೆಸ್ಸನ್ನು 25 ಮಿಲಿಮೋಲಾರ್ ಸೇರಿಸಿಟ್ಟರೆ ಅನಿಲ ನಿಂತರೂ ಅದು ಬೇಗ ನೇರಳೆಗೆ ತಿರುಗುವುದಿಲ್ಲ. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಧೂಳಿನ ಜೊತೆ ಬೂಷ್ಟಿನ ಬೀಜಕಣವೂ ಹಾರುತ್ತದೆ. ಆಗ ಏಸಿಯ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುವುದು, ಹೊರಗಿನ ಚಪ್ಪಲಿ, ರಟ್ಟಿನ ಡಬ್ಬ ಕಲ್ಚರ್ ಕೋಣೆಗೆ ತರದಿರುವುದು ಕಡ್ಡಾಯ.

ಸುರಕ್ಷತೆಯಲ್ಲಿ ರಾಜಿಯಿಲ್ಲ. ಜೀವಸುರಕ್ಷತಾ ಸಮಿತಿಯ ಒಪ್ಪಿಗೆ, ಎರಡನೇ ಹಂತದ ಲ್ಯಾಬ್, ಕ್ಲಾಸ್ 2 ಹುಡ್. ರೋಗಿಯ ಸ್ವಾಬನ್ನು ವೀರೋ ಸೆಲ್‌ಗೆ (ಕೋತಿಯ ಮೂತ್ರಪಿಂಡದ ಸೆಲ್) ಹಾಕುವ ಮುನ್ನ ಕೋವಿಡ್ ಪಿಸಿಆರ್ ಆಗಲೇಬೇಕು: ವೀರೋದಲ್ಲಿ ಆ ವೈರಸ್ ಚೆನ್ನಾಗಿ ಬೆಳೆಯುತ್ತದೆ, ಅದನ್ನು ಬೆಳೆಸಲು ಮೂರನೇ ಹಂತದ ಲ್ಯಾಬ್ ಬೇಕು. ಬಳಸಿದ ದ್ರವಕ್ಕೆ ಶೇ 1 ಹೈಪೋಕ್ಲೋರೈಟ್, ಅರ್ಧ ಗಂಟೆ.

ಆರ್‌ಎಸ್‌ವಿ ಎಂಬ ಇನ್ನೊಂದು ಉಸಿರಾಟದ ವೈರಸ್ಸಿಗೆ ಹೆಪ್-2 ಸೆಲ್. ಸೆಲ್‌ಗಳು ಒಂದಕ್ಕೊಂದು ಬೆಸೆದು ದೊಡ್ಡ ಮುದ್ದೆಯಾಗುತ್ತವೆ. ಈ ವೈರಸ್ ಬಲು ನಾಜೂಕು, ಮೈನಸ್ 20ರಲ್ಲಿ ಇಟ್ಟರೆ ಸತ್ತಂತೆಯೇ. ಸುಕ್ರೋಸ್ ಬೆರೆಸಿ ತಟ್ಟನೆ ಹೆಪ್ಪುಗಟ್ಟಿಸಿ ಮೈನಸ್ 80ಕ್ಕೆ ಹಾಕಿ. ಹೆಪ್-2 ಎಂಬುದು ಹೀಲಾ (ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಸೆಲ್) ಬೆರೆತು ಹೀಲಾವೇ ಆಗಿಹೋದ ಸೆಲ್. ವರದಿಯಲ್ಲಿ ಅದನ್ನು ಗಂಟಲಿನ ಸೆಲ್ ಎಂದು ಬರೆಯಬೇಡಿ.

ನಾಯಿಯ ಮೂತ್ರಪಿಂಡ ಮನುಷ್ಯನ ಶ್ವಾಸನಾಳವಲ್ಲ. ವೈರಸ್ ಲೋಳೆಯನ್ನು ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ, 0.4 ಮೈಕ್ರಾನ್ ರಂಧ್ರದ ಪೊರೆಯ ಮೇಲೆ ಶ್ವಾಸನಾಳದ ಸೆಲ್‌ಗಳನ್ನು, ಮೇಲೆ ಗಾಳಿ ಕೆಳಗೆ ಮೀಡಿಯಾ ಇಟ್ಟು, ಸುಮಾರು ನಾಲ್ಕು ವಾರ ಬೆಳೆಸಬೇಕು. ಆಗ ಸಿಲಿಯಾ (ಸೆಲ್ ಮೇಲಿನ ಸೂಕ್ಷ್ಮ ಕೂದಲು) ಬಡಿಯುವುದು ಕಾಣುತ್ತದೆ. ಇಲ್ಲಿ ಟ್ರಿಪ್ಸಿನ್ ಹಾಕಬೇಕಿಲ್ಲ, ಕತ್ತರಿ ಸೆಲ್‌ಗಳಲ್ಲೇ ಇದೆ. ಸೋಂಕಿನ ಹಿಂದಿನ ದಿನ ಲೋಳೆ ತೊಳೆಯಿರಿ. ಸೋಂಕಿನ ನಂತರ 24, 48, 72ನೇ ಗಂಟೆಗೆ ಮೇಲಿನಿಂದ 200 ಮೈಕ್ರೋಲೀಟರ್ ಪಿಬಿಎಸ್ ಹಾಕಿ, ಹತ್ತು ನಿಮಿಷ ಬಿಟ್ಟು ತೆಗೆದು, ಅದನ್ನೇ ಎಂಡಿಸಿಕೆ ಪ್ಲಾಕ್ ಪ್ಲೇಟಿಗೆ ಹಾಕಿ ಎಣಿಸಿ.